ಶಿಜುಯೊ ನೋಡದೆ ಬಿಟ್ಟದ್ದು

ಶಿಜುಯೊ ಅವರಿಗೆ ಕಣ್ಣು ಕಾಣಿಸುವುದಿಲ್ಲ ಎಂದು ನಾನು ಪೂರ್ತಿ ಮೂರು ವಾರ ನಂಬಿದ್ದೆ. ಓಸಾಕಾದ ಮರದ ಅಡ್ಡೆಗಳ ಓಣಿಯಲ್ಲಿ ನಾನು ಹಿಡಿದಿದ್ದ ಬಾಡಿಗೆ ಕೋಣೆಗೆ ಬಚ್ಚಲಿರಲಿಲ್ಲ. ಓಣಿಯ ತುದಿಯಲ್ಲಿದ್ದ ಸಗಿ-ನೊ-ಯು ಎಂಬ ಸಾರ್ವಜನಿಕ ಸ್ನಾನದ ಮನೆಯೇ ಗತಿ. ಗಂಡಸರ ಕಡೆಗೂ ಹೆಂಗಸರ ಕಡೆಗೂ ನಡುವೆ ಒಂದು ಗೋಡೆ, ಆ ಗೋಡೆಯ ಮುಂತುದಿಗೆ ಎರಡೂ ಕಡೆ ಕಾಣುವಂಥ ಎದೆಯೆತ್ತರದ ಕಟ್ಟೆ, ಕಟ್ಟೆಯ ಮೇಲೆ ದಿಂಬು, ದಿಂಬಿನ ಮೇಲೆ ಹಣ ತೆಗೆದುಕೊಳ್ಳುವ ಯಜಮಾನ್ತಿ ಶಿಜುಯೊ. ಅವರು ತಟ್ಟೆಯನ್ನು ಬೆರಳಲ್ಲೇ ತಡವಿ ಚಿಲ್ಲರೆ ಕೊಡುತ್ತಿದ್ದರು. ದೃಷ್ಟಿ ಎದುರಿನ ಗಡಿಯಾರವನ್ನು ಬಿಟ್ಟು ಕದಲುತ್ತಿರಲಿಲ್ಲ. ಪಾಪ ಎನ್ನಿಸಿ ನಾನು ನಾಣ್ಯಗಳನ್ನು ಸದ್ದು ಮಾಡಿ ಇಡುತ್ತಿದ್ದೆ, ಬಂದವನು ನಾನೇ ಎಂದು ಗಟ್ಟಿಯಾಗಿ ಹೇಳುತ್ತಿದ್ದೆ, ಆಮೇಲೆ ಕಟ್ಟೆಯ ಬುಡದಲ್ಲೇ ನಿಂತು ನಿಶ್ಚಿಂತೆಯಿಂದ ಬಟ್ಟೆ ಬಿಚ್ಚುತ್ತಿದ್ದೆ. ನಾಲ್ಕನೆಯ ವಾರ, ಮೈಮೇಲೆ ನೂಲೆಳೆಯೂ ಇಲ್ಲದೆ ಒಳಗೆ ಹೊರಟವನನ್ನು ಹಿಂದಿನಿಂದ ಒಂದು ದನಿ ತಡೆಯಿತು: "ಎಡಗಾಲಿನ ಕಾಲುಚೀಲ ಕೆಳಗೆ ಬಿದ್ದಿದೆ. ಹೆಬ್ಬೆರಳ ಹತ್ರ ತೂತು. ಹೊಲ್ಕೊಳ್ಳಿ."

ಕಣ್ಣು ಬಲು ಚುರುಕಾಗಿಯೇ ಇತ್ತು. ನೋಡದಿರುವುದು ಅವರ ಕಸುಬಾಗಿತ್ತು.

ಆ ಕಸುಬನ್ನು ಕಲಿಸಿದವರು ಅತ್ತೆ. ಇಪ್ಪತ್ತಾರರ ಸೊಸೆಯನ್ನು ಮೊದಲ ದಿನ ಕಟ್ಟೆ ಹತ್ತಿಸಿ, ಗಂಡಸರ ಕಡೆ ತಿರುಗಲೂ ಹೆದರುತ್ತಿದ್ದ ಹುಡುಗಿಯ ಗಲ್ಲ ಹಿಡಿದು ಆಕೆ ಹೇಳಿದ್ದು ಇಷ್ಟೇ: "ಕಾಲು ನೋಡು, ಜಾರ್ತಿದ್ಯಾ ಅಂತ. ಮುಖ ನೋಡು, ತಲೆ ಸುತ್ತಿದ್ಯಾ ಅಂತ. ನಡುವಿಂದು ನಿಂದಲ್ಲ." ಶಿಜುಯೊ ನಲವತ್ತೊಂದು ವರ್ಷ ಈ ಮಾತನ್ನು ಮೀರಲಿಲ್ಲ. ಓಣಿಯವರಿಗೆಲ್ಲ ಅವರೆದುರೇ ಹೊಟ್ಟೆ ಬಂತು, ಬೆನ್ನು ಬಾಗಿತು. ಯಾರ ಮೈಮೇಲೆ ಏನಿದೆ ಎಂದು ಯಾರಾದರೂ ಕೇಳಿದ್ದರೆ ಅವರು ನಿಜವಾಗಿಯೂ ಗೊತ್ತಿಲ್ಲ ಎನ್ನುತ್ತಿದ್ದರು. ಅದರ ಬಗ್ಗೆ ಅವರಿಗೆ ಒಳಗೊಳಗೇ ಸಣ್ಣ ಹಮ್ಮೂ ಇತ್ತು.

ಹೊಸಬರಿಗೆ ಸ್ನಾನ ಕಲಿಸುವುದು ಕಟ್ಟೆಯ ಕೆಲಸವಲ್ಲ. ಹೆಂಗಸರ ಕಡೆ ಅದನ್ನು ಮಿಸಾವೊ ನೋಡಿಕೊಳ್ಳುತ್ತಿದ್ದರು. ಮಿಸಾವೊ ಅಂಗಿ ಕಾರ್ಖಾನೆಯಲ್ಲಿ ಹೊಲಿಗೆಯವರು, ಶಿಜುಯೊ ಅವರ ವಾರಿಗೆಯವರು. ದಿನಾ ನಾಲ್ಕಕ್ಕೆ ಬಾಗಿಲು ತೆರೆಯುವ ಹೊತ್ತಿಗೆ ಬಂದು ಎಡದಿಂದ ಮೂರನೆಯ ನಲ್ಲಿಯ ಮುಂದೆ ಕೂರುತ್ತಿದ್ದರು. ಯಾರಾದರೂ ಹೊಸಬಳು ಚೌಕವನ್ನು ಎದೆಗವಚಿಕೊಂಡು ಗಾಜಿನ ಬಾಗಿಲಲ್ಲಿ ಕಂಗಾಲಾಗಿ ನಿಂತರೆ, ಮಿಸಾವೊ ಪಕ್ಕದ ಮೋಟು ಸ್ಟೂಲನ್ನು ಕಾಲಿನಿಂದ ಮೆಲ್ಲಗೆ ಅವಳ ಕಡೆ ತಳ್ಳುತ್ತಿದ್ದರು. ಆಮೇಲೆ ಒಂದು ಮಾತೂ ಆಡದೆ, ಎಲ್ಲವನ್ನೂ ಎರಡರಷ್ಟು ನಿಧಾನವಾಗಿ ಮಾಡುತ್ತ ಹೋಗುತ್ತಿದ್ದರು: ಬೋಗುಣಿ ತುಂಬಿಸಿ ಮೈಮೇಲೆ ಹುಯ್ದುಕೊಳ್ಳುವುದು, ಸೋಪು ಹಚ್ಚಿ ತಿಕ್ಕುವುದು, ನೊರೆ ಪೂರ್ತಿ ಹೋಗುವ ತನಕ ತೊಳೆಯುವುದು, ಚೌಕವನ್ನು ಮಡಿಸಿ ತಲೆಯ ಮೇಲಿಟ್ಟುಕೊಂಡು ತೊಟ್ಟಿಗಿಳಿಯುವುದು. ಹೊಸಬಳು ನೋಡಿ ನೋಡಿ ಹಾಗೇ ಮಾಡುತ್ತಿದ್ದಳು. ಒಮ್ಮೆ ಪರದೇಶದ ಎತ್ತರದ ಹುಡುಗಿಯೊಬ್ಬಳು ಎಷ್ಟು ಶ್ರದ್ಧೆಯಿಂದ ಕಲಿತಳೆಂದರೆ, ನೀರಿಗಿಳಿಯುವಾಗ ಮಿಸಾವೊ ಅವರಂತೆಯೇ ಮಂಡಿಯನ್ನು ಎರಡು ಸಲ ತಟ್ಟಿ "ಅಯ್ಯೋ ನನ್ನ ಸೊಂಟ" ಎಂದು ಜಪಾನಿಯಲ್ಲೇ ನರಳಿದಳು. ಹೊರಡುವಾಗ ಮಿಸಾವೊ ಕಟ್ಟೆಯತ್ತ ತಿರುಗಿ "ಒಳ್ಳೆ ನೀರು" ಎನ್ನುತ್ತಿದ್ದರು. ಶಿಜುಯೊಗೆ ಆ ದಿನ ಬಾಗಿಲು ತೆರೆದದ್ದು ಸಾರ್ಥಕವಾಗುತ್ತಿತ್ತು.

ಆಚೆ ವರ್ಷದ ಶರತ್ಕಾಲದಲ್ಲಿ ಮಿಸಾವೊ ಬರುವುದು ನಿಂತಿತು. ಆಸ್ಪತ್ರೆಯಲ್ಲಿ ಒಂದು ಮೊಲೆ ತೆಗೆದಿದ್ದರು.

ಅವರಿಲ್ಲದ ಆ ಐದು ತಿಂಗಳಲ್ಲಿ ಓಣಿಗೆ ಹೊಸಬರು ಹೆಚ್ಚಾದರು, ಕಲಿಸುವವರು ಯಾರೂ ಇರಲಿಲ್ಲ. ಒಬ್ಬ ಸೋಪಿನ ಸಮೇತ ತೊಟ್ಟಿಗೆ ಧುಮುಕಿದ. ಓಣಿಯ ಸಂಘದ ಅಧ್ಯಕ್ಷ ಕುರಮೋಚಿ ಅವರಿಗೆ ಇದನ್ನು ಸಹಿಸಲಾಗಲಿಲ್ಲ. ಅವರು ನಿವೃತ್ತ ಸಹಾಯಕ ಸ್ಟೇಷನ್ ಮಾಸ್ತರರು. ಹಲ್ಲುಜ್ಜುವ ಬ್ರಷ್ ಕೇಳಿದರೂ ಪ್ಲಾಟ್‌ಫಾರಂ ಬದಲಾಗಿದೆ ಎಂದು ಸಾರುವ ಧಾಟಿಯಲ್ಲೇ ಕೇಳುವವರು. ಅವರು ಇಪ್ಪತ್ತೆರಡು ನಿಯಮಗಳನ್ನು ಬರೆದು, ಒಂದೊಂದಕ್ಕೂ ತಾವೇ ಚಿತ್ರ ಬಿಡಿಸಿ, ಲ್ಯಾಮಿನೇಟ್ ಮಾಡಿಸಿ ತಂದರು. ಚಿತ್ರದ ಮನುಷ್ಯರೆಲ್ಲ ಕೈಕಾಲು ಬಂದ ಮೂಲಂಗಿಗಳಂತಿದ್ದರು. ಎರಡೂ ಕಡೆಯ ಗೋಡೆಗೆ ಬೋರ್ಡು ಬಿತ್ತು. ಏಳನೆಯ ನಿಯಮ: ಯಾವುದೇ ಬಗೆಯ ಬಟ್ಟೆ ನೀರಿಗೆ ತಾಗಕೂಡದು. ಇದನ್ನು ಬರೆದ ಕುರಮೋಚಿ ಅವರ ತಲೆಯ ಮೇಲಿನ ಚೌಕ ದಿನಕ್ಕೊಂದು ಸಲ ಜಾರಿ ತೊಟ್ಟಿಗೆ ಬೀಳುತ್ತಿತ್ತು. ಶಿಜುಯೊ ಗಡಿಯಾರ ನೋಡುತ್ತಿದ್ದರು.

ಮಾರ್ಚ್‌ನಲ್ಲಿ ಮಿಸಾವೊ ಫೋನ್ ಮಾಡಿದರು. ಎದೆಗೆ ತೊಟ್ಟು ಸ್ನಾನ ಮಾಡುವಂಥ ತೆಳು ಬಟ್ಟೆಯೊಂದನ್ನು ಆಸ್ಪತ್ರೆಯವರು ತೋರಿಸಿದ್ದಾರೆ, ತಾನೇ ಒಂದು ಹೊಲಿದುಕೊಂಡಿದ್ದೇನೆ, ಬರಬಹುದಾ ಎಂದು ಕೇಳಿದರು. ಶಿಜುಯೊ, ನೀರು ಇದ್ದಲ್ಲೇ ಇದೆ ಬಾ ಎಂದರು. ಸೋಪು ತೊಳೆದುಕೊಂಡರೆ ಅಂಥ ಬಟ್ಟೆಗೆ ಅಡ್ಡಿಯಿಲ್ಲ ಎಂಬುದು ಶಿಜುಯೊಗೆ ಗೊತ್ತಿತ್ತು. ಬೋರ್ಡಿಗೆ ಗೊತ್ತಿರಲಿಲ್ಲ. ಬೋರ್ಡಿನ ನೆನಪು ಶಿಜುಯೊಗೆ ಆಗ ಬರಲೂ ಇಲ್ಲ.

ಮಿಸಾವೊ ಬಂದ ದಿನ ಒಳಗೆ ನತ್ಸುಹೊ ಎಂಬ ಕಾಲೇಜು ಹುಡುಗಿ ಇದ್ದಳು. ಅವಳು ಸ್ನಾನದ ಮನೆಗೆ ಬಂದದ್ದು ಅದೇ ಮೊದಲು. ಬಟ್ಟೆ ಬಿಚ್ಚುವ ಮುಂಚೆ ಬೋರ್ಡಿನ ಮುಂದೆ ನಿಂತು ಇಪ್ಪತ್ತೆರಡನ್ನೂ ಎರಡು ಸಲ ಓದಿ, ತುಟಿಯಲ್ಲೇ ಉರು ಹೊಡೆದು ಹೋಗಿದ್ದಳು. ಮಿಸಾವೊ ಮೈ ತೊಳೆದು, ಎದೆಯ ಬಟ್ಟೆಯ ಗಂಟನ್ನು ಬಿಗಿ ಮಾಡಿಕೊಂಡು, ತೊಟ್ಟಿಗೆ ಒಂದು ಕಾಲಿಟ್ಟರು. ಹುಡುಗಿ ತುಂಬ ವಿನಯದಿಂದ, ತನಗೆ ಗೊತ್ತಿರುವುದನ್ನು ಹೇಳುವ ಖುಷಿಯಲ್ಲಿ ಹೇಳಿದಳು: "ಅಜ್ಜೀ, ನೀರಿಗೆ ಬಟ್ಟೆ ತರಬಾರ್ದಂತೆ. ಅಲ್ಲಿ ಬರ್ದಿದೆ."

ಟೈಲ್ಸ್ ಗೋಡೆಗೆ ಬಡಿದು ಆ ಮಾತು ಕಟ್ಟೆಯವರೆಗೂ ಕೇಳಿಸಿತು. ಗಾಜಿನ ಬಾಗಿಲಾಚೆ ಮಿಸಾವೊ ಒಂದು ಕಾಲು ನೀರಲ್ಲಿ, ಒಂದು ಕಾಲು ಹೊರಗೆ. ಶಿಜುಯೊ ಕಾಲು ನೋಡಿದರು, ಜಾರುತ್ತಿರಲಿಲ್ಲ. ಮುಖ ನೋಡಿದರು, ತಲೆ ಸುತ್ತಿರಲಿಲ್ಲ. ಇಳಿದು ಹೋಗಿ ಒಂದು ಮಾತು ಹೇಳಿದರೆ ಸಾಕಿತ್ತು. ಆದರೆ ಹೇಳಿದರೆ ಎಲ್ಲರ ಕಣ್ಣೂ ಅದೇ ಜಾಗಕ್ಕೆ ಹೋಗುವುದಿಲ್ಲವೇ? ನಡುವಿನದು ತನ್ನದಲ್ಲವಲ್ಲ? ಶಿಜುಯೊ ಪಕ್ಕದಲ್ಲಿದ್ದ ಟವೆಲ್ ರಾಶಿಯನ್ನು ಎಳೆದುಕೊಂಡು, ಮಡಿಸಿದ್ದನ್ನೇ ಮತ್ತೆ ಮಡಿಸತೊಡಗಿದರು.

ಮಿಸಾವೊ ಹುಡುಗಿಗೆ "ಹೌದಲ್ಲಾ, ಮರ್ತೇಬಿಟ್ಟಿದ್ದೆ" ಎಂದು ತಲೆಬಾಗಿ ಕಾಲು ತೆಗೆದರು. ಒದ್ದೆ ಕೂದಲಲ್ಲೇ ಬಟ್ಟೆ ತೊಟ್ಟು ಹೊರಟರು. ಕಟ್ಟೆಯ ಮುಂದೆ ಎಂದಿನಂತೆ ತಿರುಗಿ "ಒಳ್ಳೆ ನೀರು" ಎಂದರು. ಅವರ ಮೈಗೆ ತೊಟ್ಟಿಯ ನೀರು ಮೊಣಕಾಲಿನಿಂದ ಮೇಲಕ್ಕೆ ತಾಗಿರಲಿಲ್ಲ.

ಹನ್ನೊಂದು ದಿನ ಮೂರನೆಯ ನಲ್ಲಿ ಖಾಲಿ ಇತ್ತು. ಶಿಜುಯೊ ಚಿಲ್ಲರೆ ತಪ್ಪಾಗಿ ಕೊಟ್ಟರು, ಅನ್ನಕ್ಕೆ ನೀರು ಹೆಚ್ಚು ಹಾಕಿದರು. ಹನ್ನೆರಡನೆಯ ದಿನ ಬೆಳಿಗ್ಗೆ ಮಿಸಾವೊ ಅವರ ಮನೆಗೆ ಹೋದರು. ಮಿಸಾವೊ ಹೊಲಿಗೆ ಯಂತ್ರದ ಮುಂದಿನಿಂದ ಏಳಲಿಲ್ಲ. ಕರೆದದ್ದು ಮಾತ್ರ ಹಳೆಯ ಸಲಿಗೆಯ ಹೆಸರಿನಿಂದಲೇ.

"ನಮ್ಮನೇಲೂ ತೊಟ್ಟಿ ಇದೆ ಶಿಜು-ಚಾನ್."

"ಅದು ತೊಟ್ಟೀನಾ? ಉಪ್ಪಿನಕಾಯಿ ಜಾಡಿ."

"ಜಾಡಿ ಮೇಲೆ ಯಾರೂ ಬೋರ್ಡ್ ಹಾಕಲ್ಲ." ಯಂತ್ರ ಒಂದು ಗೆರೆ ಓಡಿ ನಿಂತಿತು. "ನೀನು ಅವತ್ತು ನೋಡ್ದೆ, ಅಲ್ವಾ?"

"ಇಲ್ಲ ಮಿಸಾ-ಚಾನ್, ನಾನು ನೋಡ್ಲೇ ಇಲ್ಲ." ಆ ಮಾತು ನಲವತ್ತೊಂದು ವರ್ಷದ ರೂಢಿಯಿಂದ ತಾನಾಗಿ ಬಂದಿತ್ತು.

"ಅದೇ ಮತ್ತೆ. ಇಷ್ಟು ವರ್ಷ ನಿನ್ನ ಮುಂದೆ ಬಟ್ಟೆ ಬಿಚ್ಚಿದೀನಿ. ಒಂದೇ ಒಂದು ದಿನ ನೋಡ್ಬೇಕಿತ್ತು ನೀನು."

ಶಿಜುಯೊ ಚಹಾ ಕುಡಿಯದೆ ಎದ್ದು ಬಂದರು. ಅವತ್ತೇ ಬಾಗಿಲು ತೆರೆಯುವ ಮುಂಚೆ ಸ್ಟೂಲು ಹತ್ತಿ ಹೆಂಗಸರ ಕಡೆಯ ಬೋರ್ಡಿನ ಸ್ಕ್ರೂ ಬಿಚ್ಚತೊಡಗಿದರು. ಸರದಿಯಲ್ಲಿ ಸದಾ ಮೊದಲಿಗರಾದ ಕುರಮೋಚಿ ಬಾಗಿಲಲ್ಲಿ ಇಣುಕಿ, ಇದು ಸಂಘದ ಠರಾವು, ಹೀಗೆಲ್ಲ ತೆಗೆಯುವಂತಿಲ್ಲ ಎಂದರು. ವಿಷಯವೇನೆಂದು ಶಿಜುಯೊ ತಗ್ಗಿದ ದನಿಯಲ್ಲಿ ತಿಳಿಸಿದರು. ಅಧ್ಯಕ್ಷರು ಒಂದು ಗಳಿಗೆ ಟೋಪಿ ತೆಗೆದು ಹಿಡಿದುಕೊಂಡರು, ಆಮೇಲೆ ಮತ್ತೆ ಅಧ್ಯಕ್ಷರಾದರು.

"ಹಾಗಿದ್ರೆ ಏಳನೇದನ್ನ ತಿದ್ದೋಣ ಯಜಮಾನ್ತಿಯವರೇ. ವಿಶೇಷ ಸಂದರ್ಭಗಳನ್ನು ಹೊರತುಪಡಿಸಿ ಅಂತ ಸೇರಿಸಿ, ಒಂದು ಚಿತ್ರ..."

"ಆ ವಿಶೇಷದ ಚಿತ್ರ ಯಾರು ಬರೀತಾರೆ ಅಧ್ಯಕ್ಷರೇ, ನೀವಾ?"

ಕುರಮೋಚಿ ಕಿವಿಯವರೆಗೂ ಕೆಂಪಾದರು. ಬೀಳುವ ಸ್ಕ್ರೂಗಳಿಗೆ ಅಂಗೈ ಒಡ್ಡಿ ನಿಂತರು.

ಬೋರ್ಡು ತೆಗೆದದ್ದು ಮಿಸಾವೊಗೆ ತಿಳಿಯುವುದು ಹೇಗೆ? ಮರುದಿನ ನಾಲ್ಕಕ್ಕೆ ಶಿಜುಯೊ, ನೀರು ಕಾಯಿಸುವ ಒಲೆ ನೋಡಿಕೊಳ್ಳುವ ಗಂಡ ತೊಕುಜಿಯನ್ನು ಕಟ್ಟೆಯ ಮೇಲೆ ಕೂರಿಸಿದರು. ಅತ್ತೆಯ ಪಾಠ ಆತನಿಗೆ ಸಿಕ್ಕಿರಲಿಲ್ಲ. ಆತ ನಿಜಕ್ಕೂ ಕಣ್ಣು ಮುಚ್ಚಿಕೊಂಡೇ ಕೂತ. ಶಿಜುಯೊ ಬಟ್ಟೆ ಬಿಚ್ಚಿ, ಎದೆಗೊಂದು ತೆಳು ಬಟ್ಟೆ ಬಿಗಿದು ಗಾಜಿನ ಬಾಗಿಲು ದಾಟಿದರು. ಮನೆಯವರ ಸ್ನಾನವೆಲ್ಲ ಬಾಗಿಲು ಹಾಕಿದ ಮೇಲೆ. ಗಿರಾಕಿಗಳ ನಡುವೆ ಆಕೆ ಇಳಿದದ್ದು ಇದೇ ಮೊದಲು. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಓಣಿಯ ಹೆಂಗಸರೆಲ್ಲ ಅವರ ಕಾಲು ನೋಡಿದರು, ಮುಖ ನೋಡಿದರು, ನಯವಾಗಿ ಬೇರೆ ಕಡೆ ತಿರುಗಿದರು. ಆ ತಿರುಗುವಿಕೆ ಮೈಗೆ ಎಷ್ಟು ತಣ್ಣಗೆ ತಾಗುತ್ತದೆ ಎಂದು ಶಿಜುಯೊಗೆ ಅರುವತ್ತೇಳನೆಯ ವಯಸ್ಸಿನಲ್ಲಿ ಗೊತ್ತಾಯಿತು.

ದಿನಾ ಹೋದರು. ನಾಲ್ಕನೆಯ ದಿನ ನತ್ಸುಹೊ ಬಂದಳು. ಬೋರ್ಡು ಇಲ್ಲ, ಯಜಮಾನ್ತಿಯ ಎದೆಯ ಮೇಲೆ ಬಟ್ಟೆ ಇದೆ. ನಿಯಮ ಬದಲಾಗಿದೆ ಎಂದು ತಿಳಿದ ಆ ಶ್ರದ್ಧಾವಂತ ಹುಡುಗಿ ಮರುದಿನ ತಾನೂ ಎದೆಗೊಂದು ಚೌಕ ಕಟ್ಟಿಕೊಂಡು ಬಂದು ಗಂಭೀರವಾಗಿ ಪಕ್ಕದಲ್ಲಿ ಕೂತಳು. ಮೀನಂಗಡಿಯಾಕೆ ನಗು ತಡೆಯಲಾರದೆ ಇದನ್ನು ಓಣಿಯೆಲ್ಲ ಹೇಳಿದಳು. ಮಿಸಾವೊಗೂ ಹೇಳಿದಳು.

ಒಂಬತ್ತನೆಯ ದಿನ ಗಾಜಿನ ಬಾಗಿಲು ಸರಿಯಿತು. ಮಿಸಾವೊ ಬಂದವರು ಶಿಜುಯೊ ಬೆನ್ನ ಹಿಂದೆ ನಿಂತು, "ಏನಿದು, ಅಕ್ಕಿ ಮೂಟೆ ಕಟ್ಟಿದ ಹಾಗೆ ಕಟ್ಟಿದೀಯ" ಎಂದು ಗಂಟು ಬಿಚ್ಚಿ ಮತ್ತೆ ಕಟ್ಟಿದರು. ಆಮೇಲೆ ಎದುರು ಬಂದು, ಬಿಸಿಯ ಹಬೆಯಲ್ಲಿ ತಮ್ಮ ಬಟ್ಟೆಯನ್ನು ಒಂದಿಷ್ಟು ಸರಿಸಿದರು. ಶಿಜುಯೊ ನೋಡಿದರು. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೋಡಿದರು.

"ಹೆಂಗಿದೆ?"

"ಹೊಲಿಗೆ ನೆಟ್ಟಗಿಲ್ಲ."

"ಡಾಕ್ಟ್ರು ಸೂಜಿ ನಂಗೆ ಕೊಟ್ಟಿದ್ರೆ ಚೆನ್ನಾಗಿ ಹಾಕ್ತಿದ್ದೆ" ಎಂದು ಮಿಸಾವೊ ನೀರಿಗಿಳಿದರು.

ಎಲ್ಲ ಮೊದಲಿನಂತಾಯಿತು ಎನ್ನಲಾರೆ. ಮಿಸಾವೊ ಈಗ ಬರುವುದು ವಾರಕ್ಕೆ ಎರಡು ದಿನ. ಮೂರನೆಯ ನಲ್ಲಿ ಬಿಟ್ಟು ಮೂಲೆಯದರಲ್ಲಿ ಕೂರುತ್ತಾರೆ. ಹೊಸಬರು ಬಂದರೆ ಸ್ಟೂಲು ತಳ್ಳುವುದಿಲ್ಲ. ಹೊರಡುವಾಗ ಕಟ್ಟೆಗೆ ತಲೆಬಾಗುತ್ತಾರೆ, "ಒಳ್ಳೆ ನೀರು" ಎನ್ನುವುದಿಲ್ಲ. ಶಿಜುಯೊ ಪ್ರತಿ ಸಲವೂ ಆ ಮಾತಿಗೆ ಕಾಯುತ್ತಾರೆ. ಅವರು ಗಡಿಯಾರ ನೋಡುವುದನ್ನು ಬಿಟ್ಟಿದ್ದಾರೆ.

ಇದೆಲ್ಲ ತಿಳಿದ ಮೇಲೂ ನನ್ನಂಥವನ ಬಾಯಿ ಸುಮ್ಮನಿರಬೇಕಲ್ಲ. ಮೊನ್ನೆ ಕಾಲುಚೀಲ ಹಾಕಿಕೊಳ್ಳುತ್ತ ಕೇಳಿಯೇಬಿಟ್ಟೆ: ಇಷ್ಟು ವರ್ಷ ಬೆತ್ತಲೆ ಜನರ ನಡುವೆ ಕೂತಿದ್ದೀರಲ್ಲ, ನಿಮಗೆ ಒಮ್ಮೆಯೂ ನಾಚಿಕೆಯಾಗಿಲ್ಲವೇ?

"ಒಂದ್ಸಲ ಆಗಿದೆ," ಎಂದರು ಶಿಜುಯೊ. "ಅವತ್ತು ಮೈತುಂಬ ಬಟ್ಟೆ ಹಾಕ್ಕೊಂಡು ಟವೆಲ್ ಮಡಿಸ್ತಾ ಕೂತಿದ್ದೆ."