ದ್ಯಾಮವ್ವನ ವಾರದಂದು ನನ್ನ ರೊಟ್ಟಿ ಗಂಟು

ಗೆಳತಿಯರೇ, ವಾದದಲ್ಲಿ ಗೆದ್ದು ಉಪವಾಸ ಬಿದ್ದವರನ್ನು ಕಂಡಿದ್ದೀರಾ? ಇವತ್ತು ನಾನೇ.

ಹುಬ್ಬಳ್ಳಿಯ ನಮ್ಮ ಗೋಪನಕೊಪ್ಪದಿಂದ ಬಸ್ ಹತ್ತಿ, ಸುಡುಬಿಸಿಲಲ್ಲಿ ನಾನೂ ನಮ್ಮ ಓಣಿಯ ಇಬ್ಬರು ಹೆಂಗಸರೂ ಗೆಳತಿ ಶಾಂತಕ್ಕನ ಊರಿಗೆ ಹೋಗಿದ್ದೆವು. ಅಲ್ಲಿ ಊರದೇವಿ ದ್ಯಾಮವ್ವನ ಹಬ್ಬ. ಹಬ್ಬ ಮುಗಿಯುವ ತನಕ ಮಂಗಳವಾರ, ಶುಕ್ರವಾರ ದೇವಿಯ ‘ವಾರ’; ಆ ದಿನ ಯಾರೂ ಒಲೆಯ ಮೇಲೆ ಹಂಚು ಇಡುವಂತಿಲ್ಲ. ರೊಟ್ಟಿ ಇಲ್ಲ, ಬರೀ ಅನ್ನ. ನನಗೋ ಸಕ್ಕರೆ ಕಾಯಿಲೆ, ಅನ್ನ ಮುಟ್ಟುವಂತಿಲ್ಲ. ಅದಕ್ಕೇ ನಿನ್ನೆಯೇ ಬಡಿದಿಟ್ಟ ಕಡಕ್ ರೊಟ್ಟಿ ಕಟ್ಟಿಕೊಂಡು ಹೋಗಿದ್ದೆ.

ಊಟಕ್ಕೆ ಕುಳಿತು ಗಂಟು ಬಿಚ್ಚಿದ ಕೂಡಲೇ ಶಾಂತಕ್ಕನ ಅತ್ತೆ ಹೌಹಾರಿದರು. "ಅಯ್ಯ ಶಿವನ! ವಾರದ ದಿನ ಮನ್ಯಾಗ ರೊಟ್ಟಿ?"

"ಹಂಚ ಇಡಬ್ಯಾಡ ಅಂದಾಳ ದೇವಿ, ತಿನ್ನಬ್ಯಾಡ ಅಂದಾಳೇನ್ರಿ? ಇವು ಹುಬ್ಬಳ್ಳ್ಯಾಗ ಬೇಯಿಸಿದ್ದು" ಎಂದೆ.

ಅತ್ತೆ ಯೋಚಿಸಿದರು. "ಖರೇನ ಐತಿ ಬಿಡ್ರಿ. ಹಂಗಾರ ನನಗೊಂದು ಕೊಡ್ರಿ."

ಅವರ ಯಜಮಾನರಿಗೆ ಎರಡು. ಸುದ್ದಿ ಗೋಡೆ ದಾಟಿತು. ಪಕ್ಕದ ಮನೆಯವರು ತಟ್ಟೆ ಹಿಡಿದೇ ಬಂದರು. "ಅನ್ನಾ ಉಂಡು ಉಂಡು ಬಾಯಿ ಸತ್ತೈತ್ರಿ ಅಕ್ಕಾರ. ಹುಬ್ಬಳ್ಳಿ ರೊಟ್ಟಿಗೆ ದೋಷ ಇಲ್ಲಂತಲ್ರಿ?"

ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ. ಕೊಟ್ಟೆ. ನನ್ನ ಪಾಲಿಗೆ ಸೌತೆಕಾಯಿಯ ನಾಲ್ಕು ಹೋಳು ಉಳಿದವು, ಜೊತೆಗೆ ಶಾಂತಕ್ಕನ ಉಪಚಾರ: "ಏನೂ ತಿನ್ನಲೇ ಇಲ್ಲಲ್ರೀ, ಸಂಕೋಚ ಮಾಡ್ಕೋಬ್ಯಾಡ್ರಿ!"

ಹೊರಡುವಾಗ ಅತ್ತೆ ಬಾಗಿಲ ತನಕ ಬಂದರು. "ಶುಕ್ರವಾರ ಮತ್ತ ಬರ್ರಿ. ಶೇಂಗಾ ಚಟ್ನೀನೂ ತರ್ರಿ, ಬರೀ ರೊಟ್ಟಿ ಗಂಟಲಾಗ ಇಳೀಲಿಲ್ಲ."

ದ್ಯಾಮವ್ವನ ಕಟ್ಟಳೆ ಹಂಚಿಗೆ ಉಂಟು, ನಾಲಿಗೆಗೆ ಇಲ್ಲ.