ಕಲಾಯಿ ರಜಾಕ್ ಮತ್ತು ಸಿಲೋನಿನ ಪಟ್ಟಿ

ಶಿಕಾರಿಪುರದ ಒಂದು ಅಕ್ಕಿ ಗಿರಣಿಯ ಕಚೇರಿಯಲ್ಲಿ ಫೋಟೋ ತೂಗುಹಾಕಿದ್ದಾರೆ. ಹನ್ನೆರಡು ಜನ ಕೊರಳಿಗೆ ಹಾರ ಹಾಕಿಕೊಂಡು ನಿಂತಿದ್ದಾರೆ. ಕೆಳಗೆ ‘ಸಿಲೋನ್ ಪ್ರವಾಸ ಮಾಡಿದ ನಮ್ಮ ಕಬಡ್ಡಿ ತಂಡ, ೧೯೭೪’ ಎಂದು ಬರೆದಿದೆ. ಹನ್ನೆರಡರಲ್ಲಿ ಕಬಡ್ಡಿ ಆಡುವವರು ಏಳೇ ಜನ. ಮಿಕ್ಕ ಐವರಲ್ಲಿ ಇಬ್ಬರಿಗೆ ಬಗ್ಗಿ ಕೆಳಗೆ ಬಿದ್ದ ಟವೆಲು ಎತ್ತಿಕೊಳ್ಳಲೂ ಆಗುವುದಿಲ್ಲ. ನಾನು ನುಚ್ಚು ತರಲು ಹೋದಾಗಲೆಲ್ಲ ಆ ಫೋಟೋ ಕಣ್ಣಿಗೆ ಬೀಳುತ್ತದೆ. ಬಾಯಲ್ಲಿ ಕಹಿ ನೀರು ಬರುತ್ತದೆ.

ಆ ಫೋಟೋದಲ್ಲಿ ಇಲ್ಲದವನ ವಿಷಯ ಬರೆಯುತ್ತೇನೆ. ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ಕೇಳಿದ್ದಾದರೆ ಯಾರಿಂದ ಕೇಳಿದ್ದು ಎಂದು ಹೇಳುತ್ತೇನೆ.

ರಜಾಕ್ ತಾಮ್ರ, ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವನು. ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ ಒಳಗೆ ನವಸಾಗರದ ಪುಡಿ ಎರಚಿದರೆ ಬಿಳಿ ಹೊಗೆ ಏಳುತ್ತದೆ. ಆ ಹೊಗೆ ಇಳಿಯುವುದರೊಳಗೆ ತವರವನ್ನು ಅರಿವೆಯಿಂದ ಸವರಿ ಮುಗಿಸಬೇಕು. ಹೊಗೆ ಎದೆಗೆ ಹೋದರೆ ಎರಡು ದಿನ ಕೆಮ್ಮು ಬಿಡುವುದಿಲ್ಲ. ಅದಕ್ಕೇ ರಜಾಕನಿಗೆ ಅವನ ತಂದೆ ಮೊದಲು ಕಲಿಸಿದ್ದು ಉಸಿರು ಕಟ್ಟುವುದನ್ನು. ಪುಡಿ ಬಿದ್ದ ಕೂಡಲೇ ಕಟ್ಟಬೇಕು, ಪಾತ್ರೆ ಬೆಳ್ಳಗಾದ ಮೇಲೆ ಬಿಡಬೇಕು. ಮದುವೆ ಮನೆಯ ಕೊಪ್ಪರಿಗೆಗಳನ್ನು ಹೀಗೆ ಸವರಿ ಸವರಿ ಅವನ ದಮ್ಮು ಯಾರಿಗೂ ಇಲ್ಲದಷ್ಟು ಬೆಳೆದಿತ್ತು. ಕಬಡ್ಡಿಯಲ್ಲಿ ಅವನು ಎದುರು ಅಂಕಣಕ್ಕೆ ಹೋದರೆ, ಹಿಡಿಯಲು ನಿಂತವರೇ ಕಾದು ಕಾದು ಬೇಸತ್ತು ತಪ್ಪು ಮಾಡುತ್ತಿದ್ದರು.

ತಂಡ ಕಟ್ಟಿದವನೂ ಅವನೇ. ಸೈಕಲ್ಲಿಗೆ ಕೆಂಡ ಊದುವ ತಿದಿ ಕಟ್ಟಿಕೊಂಡು ಸೊರಬದ ಕಡೆ ಕಲಾಯಿಗೆ ಹೋದಾಗ ಅಲ್ಲಿಯ ನಾಲ್ಕು ಜನರನ್ನು ಹುಡುಕಿ ತಂದ. ಇಲ್ಲಿಯವರು ಆರು ಜನ, ಅವನೂ ಸೇರಿ. ಹಿಂದಿನ ವರ್ಷ ಮದ್ರಾಸಿನ ಪಂದ್ಯದಲ್ಲಿ ಅವರು ಎರಡನೆಯವರಾಗಿ ಬಂದರು. ಅಲ್ಲಿ ಆಟ ನೋಡಿದ ಜಾಫ್ನಾದ ಹಿರಿಯರೊಬ್ಬರು ತಮ್ಮ ಸಂಘದ ಹವ್ಯಾಸಿ ಪಂದ್ಯಕ್ಕೆ ಬನ್ನಿ ಎಂದು ಪತ್ರ ಬರೆದರು. ಹತ್ತು ಆಟಗಾರರು, ಜೊತೆಗೆ ಇಬ್ಬರು, ಒಟ್ಟು ಹನ್ನೆರಡು ಜನಕ್ಕೆ ಊಟ ವಸತಿ ತಮ್ಮದು ಎಂದಿದ್ದರು.

ರಜಾಕನಿಗೆ ಆಗ ಮೂವತ್ತೆರಡು. ಎಡ ಮಂಡಿ ನೋಯತೊಡಗಿತ್ತು. ‘ಇದೊಂದ್ಸಲ ನೀರು ದಾಟಿ ಆಡಿ ಬರ್ತೀನಿ ಕೆಂಪಪ್ಪ, ಆಮೇಲೆ ನೀವು ಆಡ್ರಿ, ನಾ ಗೆರೆ ಹೊರಗ ಕುಂತು ನೋಡ್ತೀನಿ’ ಎಂದಿದ್ದನಂತೆ. ಕೆಂಪಪ್ಪ ಸೊರಬದ ಆಟಗಾರ. ಇದನ್ನು ಅವನೇ ನನಗೆ ಹೇಳಿದ್ದು.

ಪತ್ರ ಬಂದ ವಾರದಲ್ಲೇ ಪ್ರವಾಸ ಸಮಿತಿಯೊಂದು ಹುಟ್ಟಿತು. ಗಿರಣಿ ಮಾಲೀಕ ಮಹೇಶ್ವರಪ್ಪ ಅಧ್ಯಕ್ಷ, ಅವರ ಗುಮಾಸ್ತ ಶೇಷಪ್ಪ ಕಾರ್ಯದರ್ಶಿ. ಮೂರು ಸಭೆ ನಡೆದವು. ಮೂರರಲ್ಲೂ ನಾನು ಊರವರ ಜೊತೆ ಹಿಂದೆ ಗೋಡೆಗೆ ಒರಗಿ ಕೂತಿದ್ದೆ. ರಾಮೇಶ್ವರದವರೆಗೆ ರೈಲಿನಲ್ಲಿ ಕಿಟಕಿ ಯಾರಿಗೆ, ಹಡಗಿನಲ್ಲಿ ವಾಂತಿ ಬಂದರೆ ನಿಂಬೆಹಣ್ಣೋ ಉಪ್ಪಿನಕಾಯಿಯೋ, ಅಲ್ಲಿ ಕೊಡೆ ಅಗ್ಗವೋ ನೈಲಾನ್ ಸೀರೆ ಅಗ್ಗವೋ, ಇದೇ ಮಾತು. ಆಡುವವರ ಅಂಗಿ ಹರಿದಿತ್ತು. ಅದರ ಮಾತು ಬರಲಿಲ್ಲ. ಪ್ರತಿ ಸಲವೂ ಕೇಸರಿಬಾತು ಬಂತು. ಅವರು ಬೆರಳು ನೆಕ್ಕುತ್ತ ಸಿಲೋನಿನ ನಕ್ಷೆಯ ಮೇಲೆ ತುಪ್ಪದ ಕೈ ಇಡುತ್ತಿದ್ದುದನ್ನು ನೋಡಿ ನನಗೆ ತಿನ್ನಲಾಗಲಿಲ್ಲ.

ಪಾಸ್‌ಪೋರ್ಟಿಗೆ ಹುಟ್ಟಿದ ತಾರೀಖು ಬೇಕಿತ್ತು. ಉಳಿದವರಿಗೆ ಶಾಲೆಯ ಸರ್ಟಿಫಿಕೇಟು ಇತ್ತು. ರಜಾಕ್ ಶಾಲೆಗೇ ಹೋದವನಲ್ಲ. ಹುಟ್ಟಿದ್ದನ್ನು ಕಂಡವರು ಸಾಕ್ಷಿ ಹೇಳಿ ಬರೆದುಕೊಟ್ಟರೆ ಆಗುತ್ತದೆ ಎಂದರು. ಕಂಡವಳು ಒಬ್ಬಳೇ ಉಳಿದಿದ್ದಳು, ಈಸೂರಿನ ಸೂಲಗಿತ್ತಿ ಉಚ್ಚಂಗಮ್ಮ.

ನಲವತ್ತೆರಡರ ಚಳವಳಿಯ ಗಲಾಟೆಯಲ್ಲಿ ಈಸೂರಿಗೆ ಪೊಲೀಸರು ಬಂದಾಗ ಜನ ಕಾಡಿಗೆ ಓಡಿದ್ದರು. ಕಲಾಯಿಗೆಂದು ಆ ಊರಿಗೆ ಬಂದಿದ್ದ ರಜಾಕನ ತಂದೆತಾಯಿಯೂ ಅವರ ಜೊತೆ ಓಡಿದರು. ಅವನ ತಾಯಿ ಶರ್ಫುನ್ನೀಸಾ ಕಾಡಿನಲ್ಲೇ ಹೆತ್ತಳು, ಉಚ್ಚಂಗಮ್ಮ ಹೆರಿಗೆ ಮಾಡಿಸಿದಳು. ಆಮೇಲೆ ಪೊಲೀಸರು, ಕಾಡಿನಲ್ಲಿ ಯಾರ್ಯಾರಿದ್ದರು ಎಂದು ತಾವೇ ಬರೆದ ಕಾಗದಕ್ಕೆ ಹೆಬ್ಬೆಟ್ಟು ಒತ್ತು ಎಂದು ಅವಳನ್ನು ಹೆದರಿಸಿದರಂತೆ. ಅವಳು ಒತ್ತಲಿಲ್ಲ. ಅಂದಿನಿಂದ ಯಾವ ಕಾಗದಕ್ಕೂ ಒತ್ತಿಲ್ಲ ಎಂದು ಅವಳೇ ಹೇಳಿದಳು.

ರಜಾಕನಿಗಾಗಿ ಅವಳು ಬಸ್ಸು ಹತ್ತಿ ಬಂದಳು. ಗಿರಣಿ ಕಚೇರಿಯಲ್ಲಿ ಮಹೇಶ್ವರಪ್ಪ ಕಾಫಿ ತರಿಸಿಕೊಟ್ಟರು. ಶೇಷಪ್ಪ ಕಾಗದ ಮುಂದೆ ಸರಿಸಿದ.

‘ಏನ್ ಬರ್ದೀಯಪ್ಪಾ, ಓದು ಮೊದ್ಲು’ ಎಂದಳು.

ಶೇಷಪ್ಪ ಓದಿದ.

‘ಊರಾಗ ಹುಟ್ಟಿದ ಅಂತ ಯಾರ್ ಹೇಳಿದ್ರು? ಕಾಡು ಅಂತ ಬರಿ.’

‘ಕಾಡು ಅಂದ್ರೆ ಪಾಸ್‌ಪೋರ್ಟಿನೋರು ನಗ್ತಾರಮ್ಮ.’

‘ನಗ್ಲಿ ಬಿಡು, ಹಲ್ಲು ಅವರವು. ಸುಳ್ಳಿಗೆ ನಾ ಒತ್ತೋದಿಲ್ಲ.’

ಶೇಷಪ್ಪ ಗೊಣಗಿಕೊಂಡು ಬೇರೆ ಕಾಗದ ಬರೆದ. ಅವಳು ಒತ್ತಿ, ಬೆರಳಿನ ಮಸಿಯನ್ನು ರಜಾಕನ ಅಂಗಿಗೇ ಒರೆಸಿದಳು. ‘ಹೋಗ್ಲಾ ಮಗಾ. ಸಮುದ್ರ ಹೆಂಗೈತಿ ನೋಡ್ಕಂಡು ಬಂದು ನಂಗೆ ಹೇಳು.’

ಎಲ್ಲರ ಕಾಗದಗಳೂ ಒಟ್ಟಿಗೆ ಹೋಗಲಿ ಎಂದು ಮಹೇಶ್ವರಪ್ಪ ಅದನ್ನು ಮೇಜಿನ ಖಾನೆಯಲ್ಲಿಟ್ಟರು.

ಹಡಗು ಹತ್ತಲು ಸಿಡುಬಿನ ಲಸಿಕೆ, ಕಾಲರಾ ಸೂಜಿ ಹಾಕಿಸಿಕೊಂಡ ದಾಖಲೆ ಇರುವ ಹಳದಿ ಪುಸ್ತಕವೂ ಬೇಕಿತ್ತು. ಸಮಿತಿಯವರು ಸೂಜಿಗೆ ಹೆದರಿ ಯಾರೋ ಕಾಂಪೌಂಡರನಿಂದ ಬರೀ ಮೊಹರು ಹೊಡೆಸಿಕೊಂಡರು. ರಜಾಕ್ ಎರಡೂ ಚುಚ್ಚಿಸಿಕೊಂಡ. ತೋಳು ಊದಿ ಜ್ವರ ಬಂತು. ಅವನ ಹೆಂಡತಿ ದಿಲ್ಶಾದ್ ಬೇಗಂ, ‘ಅವರೆಲ್ಲ ಮೊಹರು ಹೊಡಿಸ್ಕೊಂಡು ಆರಾಮಾಗಿದಾರೆ, ನಿಮಗೊಬ್ರಿಗೇ ಬಂತು ನಿಯತ್ತು’ ಎಂದು ಬೈದರೆ, ‘ನಾಳೆ ಆ ಊರೋರಿಗೆ ರೋಗ ಹಚ್ಚಿ ಬರ್ಲಾ?’ ಎಂದನಂತೆ.

ಹೊರಡುವ ಹಿಂದಿನ ದಿನ ಗಿರಣಿಯ ಅಂಗಳದಲ್ಲಿ ಬೀಳ್ಕೊಡುಗೆಯ ಊಟ. ಅದರ ಮೂರು ಕೊಪ್ಪರಿಗೆಗಳಿಗೆ ಕಲಾಯಿ ಹಾಕಲು ರಜಾಕನನ್ನೇ ಬೆಳಿಗ್ಗೆ ಕೂರಿಸಿದ್ದರು. ಅವನ ಪಾಸ್‌ಪೋರ್ಟು ಇನ್ನೂ ಕೈಗೆ ಬಂದಿರಲಿಲ್ಲ. ಎಲ್ಲವೂ ತಮ್ಮ ಬಳಿಯೇ ಇವೆ ಎಂದಿದ್ದರು ಮಹೇಶ್ವರಪ್ಪ. ಮೂರನೆಯ ಕೊಪ್ಪರಿಗೆಗೆ ಅವನು ಪುಡಿ ಎರಚಿ ಉಸಿರು ಕಟ್ಟಿದ ಹೊತ್ತಿಗೆ ಶೇಷಪ್ಪ ಜಗಲಿಯ ಮೇಲೆ ನಿಂತು ಹೋಗುವವರ ಪಟ್ಟಿ ಓದಿದ. ಆಟಗಾರರು ಏಳು ಜನ. ಆಮೇಲೆ ಮ್ಯಾನೇಜರು ಮಹೇಶ್ವರಪ್ಪ, ಉಪ ಮ್ಯಾನೇಜರು ತಾನು, ಸಲಹೆಗಾರರು ಸೊರಬದ ಇಬ್ಬರು ಬಟ್ಟೆ ಅಂಗಡಿಯವರು, ಹೆಚ್ಚುವರಿ ಆಟಗಾರ ಮಹೇಶ್ವರಪ್ಪನ ಅಳಿಯ. ಹನ್ನೆರಡು ಮುಗಿಯಿತು.

ರಜಾಕ್ ಹೊಗೆಯೊಳಗೇ ಉಸಿರು ಬಿಟ್ಟ. ಅವನು ಕೆಮ್ಮಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

‘ಮಹೇಶ್ವರಪ್ಪನೋರೆ, ನನ್ನ ಹೆಸರು?’

‘ನಿನ್ ಕಾಗದಕ್ಕೆ ಅಲ್ಲಿ ತಕರಾರು ತೆಗೆದ್ರು ಕಣೋ. ಕಾಡಾಗ ಹುಟ್ಟಿದೋನು ಅಂತ ಆ ಮುದುಕಿ ಬರೆಸಿದ್ರೆ ಯಾವನು ಒಪ್ತಾನೆ? ಬರೋ ವರ್ಷ ನೋಡಣ.’

‘ಏಳೇ ಜನ ಹೋದ್ರೆ, ಒಬ್ಬನ ಕಾಲು ಉಳುಕಿದ್ರೆ?’

‘ನೀ ಮೊದ್ಲು ಪಾತ್ರೆ ಮುಗ್ಸು ಮಾರಾಯ, ಅಡಿಗೆಯೋರು ಕಾಯ್ತಿದಾರೆ’ ಎಂದ ಶೇಷಪ್ಪ.

ಪಟ್ಟಿಯಿಂದ ಬಿಟ್ಟ ಇನ್ನಿಬ್ಬರು ಆಟಗಾರರ ಅಪ್ಪಂದಿರು ಗಿರಣಿಯಲ್ಲೇ ಕೆಲಸಕ್ಕಿದ್ದರು. ಆ ಇಬ್ಬರೂ ಊಟದ ಎಲೆ ತೊಳೆಯಲು ಹೋದರು. ಹೋಗುವ ಏಳು ಜನರೂ ನೆಲ ನೋಡಿದರು. ರಜಾಕ್ ಮತ್ತೆ ಕೆಂಡ ಮಾಡಿ ಆ ಕೊಪ್ಪರಿಗೆಯನ್ನು ಮುಗಿಸಿದ. ಅರ್ಧ ಕಲಾಯಿಯ ಪಾತ್ರೆಯಲ್ಲಿ ಹುಣಸೆ ಸಾರು ಕುದಿಸಿದರೆ ಉಂಡವರ ಹೊಟ್ಟೆ ಕೆಡುತ್ತದೆ. ಆಮೇಲೆ ಸೈಕಲ್ಲಿಗೆ ತಿದಿ ಕಟ್ಟಿಕೊಂಡು ಹೋದ. ಪಂಕ್ತಿಯಲ್ಲಿ ನಾನೂ ಕೂತೆ, ಉಂಡೆ. ಸಾರು ಚೆನ್ನಾಗಿತ್ತು. ಅದನ್ನು ನೆನೆದರೆ ನನ್ನ ಮೇಲೇ ನನಗೆ ಹೇಸಿಗೆ.

ಜಾಫ್ನಾದಲ್ಲಿ ಏನಾಯಿತೆಂದು ಕೆಂಪಪ್ಪ ಹೇಳಿದ. ಮೊದಲ ಆಟದಲ್ಲೇ ಒಬ್ಬನ ಕಾಲು ಉಳುಕಿತು. ಅಳಿಯನನ್ನು ಇಳಿಸಿದರು. ಅವನು ಯಾರೂ ಮುಟ್ಟುವ ಮೊದಲೇ ಗೆರೆ ದಾಟಿ ಹೊರಗೆ ಓಡಿದ. ಆಡಿದ ಎರಡೂ ಆಟ ಸೋತರು. ಅಲ್ಲಿ ಜನ ಬ್ರೆಡ್ಡಿಗೆ ಸಾಲು ನಿಲ್ಲುತ್ತಿದ್ದರಂತೆ. ಆ ಕಷ್ಟದಲ್ಲೂ ಅವರು ಬಡಿಸಿದ್ದನ್ನು ನಮ್ಮ ಸಲಹೆಗಾರರು ಎರಡೆರಡು ಸಲ ಹಾಕಿಸಿಕೊಂಡರಂತೆ.

ತಂಡ ಬಂದು ಹದಿನೈದು ದಿನವಾದರೂ ರಜಾಕ್ ಈಸೂರಿನ ಕಡೆ ಹೋಗಲಿಲ್ಲ. ಕೊನೆಗೆ ಉಚ್ಚಂಗಮ್ಮನೇ ಬಂದಳು. ನಡೆದದ್ದನ್ನು ಅವನ ಬಾಯಿಂದ ಕೇಳಿ, ಅವನನ್ನೂ ಕರೆದುಕೊಂಡು ನೆಟ್ಟಗೆ ಗಿರಣಿಗೆ ಹೋದಳು. ನಾನು ನುಚ್ಚಿಗೆ ನಿಂತಿದ್ದೆ.

‘ನನ್ ಹೆಬ್ಬೆಟ್ಟು ವಾಪಸ್ ಕೊಡು.’

‘ಅದು ಸರ್ಕಾರಕ್ಕೆ ಹೋದ ಕಾಗದ ಅಜ್ಜಿ, ವಾಪಸ್ ಬರಲ್ಲ’ ಎಂದರು ಮಹೇಶ್ವರಪ್ಪ.

‘ಬರೋ ತನಕ ಇಲ್ಲೇ ಕುಂತಿರ್ತೀನಿ’ ಎಂದು ಅವಳು ಬಾಗಿಲ ನಡುವೆ ಕೂತಳು. ಅಕ್ಕಿ ಮೂಟೆ ಹೊರುವವರಲ್ಲಿ ಮೂವರು ಈಸೂರಿನವರು, ಅವಳ ಕೈಯಲ್ಲಿ ಹುಟ್ಟಿದವರು. ಹೆರಿಗೆ ಮಾಡಿಸಿದವಳನ್ನು ದಾಟಿ ಹೋಗುವ ರೂಢಿ ನಮ್ಮಲ್ಲಿಲ್ಲ. ಅವರು ಮೂಟೆ ಇಳಿಸಿ ನಿಂತರು. ಅವರನ್ನು ನೋಡಿ ಉಳಿದವರೂ ನಿಂತರು. ಹೊರಗೆ ಲಾರಿಯವನು ಹಾರ್ನ್ ಒತ್ತತೊಡಗಿದ.

‘ದಾಟ್ರೋ!’ ಎಂದ ಶೇಷಪ್ಪ.

‘ನೀವೇ ಮೊದ್ಲು ದಾಟ್ರಿ ಸ್ವಾಮಿ, ನೋಡಣ’ ಎಂದ ಅವರಲ್ಲೊಬ್ಬ.

ಅರ್ಧ ಗಂಟೆಯ ಮೇಲೆ ಶೇಷಪ್ಪ ಮೇಜಿನ ಖಾನೆ ಎಳೆದ. ಕಾಗದ ಅಲ್ಲೇ ಇತ್ತು. ಯಾವ ಕಚೇರಿಯ ಮೊಹರೂ ಬಿದ್ದಿರಲಿಲ್ಲ. ಹೆಬ್ಬೆಟ್ಟಿನ ಪಕ್ಕದಲ್ಲಿ ಲೋಟ ಇಟ್ಟ ದುಂಡು ಕಲೆ.

‘ಕಳಿಸೋದು ಮರ್ತೋಗಿತ್ತು’ ಎಂದರು ಮಹೇಶ್ವರಪ್ಪ.

ಉಚ್ಚಂಗಮ್ಮ ಎದ್ದು ನಿಂತಳು. ‘ಆವಾಗ ಬಂದೋರು ಕೋವಿ ಹಿಡ್ಕಂಡು ಕೇಳಿದ್ರು, ನಾ ಕೊಡ್ಲಿಲ್ಲ. ನೀನು ಕಾಫಿ ಕೊಟ್ಟು ಒತ್ತಿಸ್ಕಂಡೆ. ಥೂ!’ ಬಾಯಲ್ಲಿದ್ದ ಎಲೆಅಡಿಕೆಯನ್ನೆಲ್ಲ ಹೊಸಿಲ ಮೇಲೆ ಉಗಿದಳು. ಕಾಗದವನ್ನು ರಜಾಕನ ಕೈಗಿಟ್ಟು, ‘ಸಮುದ್ರ ಹೋಗ್ಲಿ, ಹುಟ್ಟೀಯ ಅನ್ನೋದಾದ್ರೂ ನಿನ್ ಹತ್ರ ಇರ್ಲಿ’ ಎಂದಳು.

ಆ ಕಾಗದ, ಹಳದಿ ಪುಸ್ತಕ ಎರಡೂ ಈಗ ಅವನ ತವರದ ಪೆಟ್ಟಿಗೆಯಲ್ಲಿವೆ. ಅವನು ಮತ್ತೆ ಅಂಕಣಕ್ಕೆ ಇಳಿಯಲಿಲ್ಲ. ಆ ವರ್ಷವೇ ಮಹೇಶ್ವರಪ್ಪನ ಎರಡನೆಯ ಮಗಳ ಮದುವೆಗೆ ಗಾಡಿಯಲ್ಲಿ ಕೊಪ್ಪರಿಗೆಗಳು ಅವನ ಮನೆಗೆ ಬಂದವು. ‘ನನ್ ದಮ್ಮು ಮುಗ್ದೈತಿ ಅಂತ ಹೇಳ್ರಿ’ ಎಂದು ರಜಾಕ್ ಗಾಡಿಯನ್ನು ಹಾಗೇ ತಿರುಗಿಸಿದ. ಅವರು ಶಿರಾಳಕೊಪ್ಪದಿಂದ ಬೇರೆಯವನನ್ನು ಕರೆಸಿದರು. ಮದುವೆಗೆ ಊರೆಲ್ಲ ಹೋಯಿತು. ನಾನು ಹೋಗಲಿಲ್ಲ.