ಶಿವನಿಯಲ್ಲಿ ಇಳಿದ ಮೂಟೆ

ಮುಂದಿಟ್ಟ ಕಾಲಿನಲ್ಲೇ ಜೋರಾಗಿ ಒದೆಯೋದು ಹೇಗೆ ಅಂತ ಕಡೂರಿನ ಕರಾಟೆ ಕ್ಲಾಸಿನಲ್ಲಿ ಹತ್ತು ವರ್ಷದಿಂದ ಹೇಳಿಕೊಡ್ತಿದ್ದೀನಿ. ನಾನು ಅದನ್ನು ಕಲಿತದ್ದು ಮಾತ್ರ ಹೋದ ತಿಂಗಳು, ಶಿವನಿ ಸ್ಟೇಷನ್ನಿನಲ್ಲಿ.

ನಾನಿದ್ದ ರೈಲನ್ನು ಬೀರೂರಿನಲ್ಲಿ ಹತ್ತಿದ ಹೆಂಗಸೊಬ್ಬಳು ಹಸುವಿನ ಹಿಂಡಿ ಮೂಟೆಯನ್ನು ಬಾಗಿಲ ಬಳಿ ಇಟ್ಟುಕೊಂಡು ನಿಂತಿದ್ದಳು. ಶಿವನಿಯಲ್ಲಿ ಗಾಡಿ ನಿಲ್ಲೋದೇ ಒಂದು ನಿಮಿಷ. ಅವಳ ಒಂದು ಕೈ ತಲೆಮೇಲಿನ ಗಂಟಿಗೆ, ಇನ್ನೊಂದು ಬಾಗಿಲ ಕಂಬಿಗೆ. "ಇರಮ್ಮ, ನಾನು ಇಳಿಸ್ತೀನಿ" ಅಂದವನು ಕೈಯಲ್ಲಿ ಎತ್ತೋದು ಬಿಟ್ಟು, ಗತ್ತಿನಿಂದ ಮುಂದಿನ ಕಾಲು ಬೀಸಿದೆ. ಧಪ್ ಅಂತು. ಮೂಟೆ ಅಲ್ಲೇ ಇತ್ತು, ನಾನು ಎರಡು ಹೆಜ್ಜೆ ಹಿಂದೆ ಹೋಗಿದ್ದೆ.

ಗಾರ್ಡ್ ಸೀಟಿ ಊದಿದ.

"ಸರೀರೀ ಅತ್ಲಾಗೆ! ಮೊಣಕಾಲಲ್ಲಿ ಏನೈತೆ ಬಲ? ಹಿಂದಿನ ಕಾಲಲ್ಲಿ ನೆಲ ಒತ್ತಿ, ಸೊಂಟ ಮುಂದಕ್ಕೆ ಕಳಿಸ್ಬೇಕು ಕಣ್ರೀ" ಅಂದವಳೇ ಮುಂದಿನ ಪಾದವನ್ನು ಮೂಟೆಗೆ ಕೊಟ್ಟು ನೂಕಿದಳು. ತಲೆಮೇಲಿನ ಗಂಟು ಅಲ್ಲಾಡಲಿಲ್ಲ. ಮೂಟೆ ಜಾರಿಕೊಂಡು ಹೋಗಿ ಪ್ಲಾಟ್‌ಫಾರ್ಮಿಗೆ ಬಿತ್ತು. ಹಿಂದೆಯೇ ಅವಳೂ ಇಳಿದಳು.

ಗಾಡಿ ಹೊರಟಾಗ ತಿರುಗಿ ಕೇಳಿದಳು, "ನಿಮ್ದೇನ್ ಕೆಲ್ಸ ಸಾರ್?"

"ಡ್ರಾಯಿಂಗ್ ಮೇಷ್ಟ್ರು" ಅಂದೆ.

"ಅದಕ್ಕೇ ಮತ್ತೆ!" ಅಂದಳು.

ನನ್ನ ಹೆಗಲ ಚೀಲದಿಂದ ಇಣುಕುತ್ತಿದ್ದ ಬ್ಲ್ಯಾಕ್ ಬೆಲ್ಟಿನ ತುದಿಯನ್ನು ಮೆಲ್ಲಗೆ ಒಳಕ್ಕೆ ತುರುಕಿದೆ.